ತಾಳ್ಮೆಯ ಮಾತಿಗೆ ಯಾವ ಪದ? ಇಂಗ್ಲಿಷ್ ಕಲಿಸುವವರಿಗೊಂದು ಬಹಿರಂಗ ಪತ್ರ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಪ್ರೌಢಶಾಲೆ ಹಾಗೂ ಪದವಿಪೂರ್ವ ಕಾಲೇಜುಗಳ ಇಂಗ್ಲಿಷ್ ಶಿಕ್ಷಕರಿಗೆ,

ಮಾನ್ಯ ಗುರುಗಳೇ, ಗುರುಮಾತೆಯರೇ,

ಇನ್ನೊಬ್ಬರೊಡನೆ ತಾಳ್ಮೆಯಿಂದ ನಡೆದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಒಂದಲ್ಲ, ಹತ್ತಾರು ಮಾತುಗಳಿವೆ. ಬಿ ಪೇಷಂಟ್ ವಿತ್, ಬೇರ್ ವಿತ್, ಪುಟ್ ಅಪ್ ವಿತ್, ಟಾಲರೇಟ್, ಎಂಡ್ಯೂರ್, ಫಾರ್‌ಬೇರ್, ಇಂಡಲ್ಜ್, ಹ್ಯೂಮರ್ ಇವು ಅವುಗಳಲ್ಲಿ ಮುಖ್ಯವಾದವು. ಪೇಟೆಯಲ್ಲಿ ಸಿಗುವ ಗೈಡುಗಳು ಇವುಗಳಲ್ಲಿ ಅರ್ಧದಷ್ಟಕ್ಕೆ ‘ಸಹಿಸು’ ಎಂಬ ಒಂದೇ ಅರ್ಥವನ್ನು ಬರೆದು ಮುಂದಿನ ಪಾಠಕ್ಕೆ ಹೋಗುತ್ತವೆ. ವ್ಯಾಕರಣ ತಪ್ಪಿದ ವಾಕ್ಯವನ್ನು ಕೇಳುವವರು ತಾವೇ ತಿದ್ದಿಕೊಂಡು ಅರ್ಥ ಮಾಡಿಕೊಳ್ಳುತ್ತಾರೆ. ಈ ಪದಗಳಲ್ಲಿ ಒಂದರ ಬದಲು ಇನ್ನೊಂದನ್ನು ಇಟ್ಟರೆ ವ್ಯಾಕರಣಕ್ಕೆ ಏನೂ ಆಗುವುದಿಲ್ಲ, ಕೇಳಿದವರ ಮನಸ್ಸಿಗೆ ಆಗುತ್ತದೆ. ಕೆಂಪು ಶಾಯಿಗೆ ಸಿಗದ ತಪ್ಪು ಇದು. ಹಾಗಾಗಿಯೇ ಹತ್ತನೆಯ ತರಗತಿ ದಾಟಿ, ಪದವಿ ದಾಟಿ, ನೌಕರಿಯ ಅರ್ಜಿಯವರೆಗೂ ಅದು ಹಾಗೆಯೇ ಉಳಿದುಬಿಡುತ್ತದೆ.

ಈ ಪದಗಳನ್ನು ಬೇರೆಬೇರೆ ಮಾಡುವುದು ತಾಳ್ಮೆಯ ಪ್ರಮಾಣವಲ್ಲ. ಕಾಯಿಸಿದವರು ಯಾರು, ಕಾದವರು ಯಾರು, ಮಾತು ಆಡುತ್ತಿರುವವರು ಇಬ್ಬರಲ್ಲಿ ಯಾರು ಎಂಬುದರ ಮೇಲೆ ಪದ ನಿಲ್ಲುತ್ತದೆ. ಬೀಳ್ಕೊಡುಗೆ ಸಮಾರಂಭದಲ್ಲಿ ವಿದ್ಯಾರ್ಥಿನಿಯೊಬ್ಬಳು ಶಿಕ್ಷಕರಿಗೆ ‘ಥ್ಯಾಂಕ್ ಯೂ ಫಾರ್ ಪುಟಿಂಗ್ ಅಪ್ ವಿತ್ ಅಸ್’ ಎಂದರೆ ಅದು ಸೊಗಸಾದ ವಿನಯ. ನಮ್ಮ ಕಾಟವನ್ನು ಇಷ್ಟು ದಿನ ಸಹಿಸಿದಿರಿ ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಂತಾಯಿತು. ಅದೇ ಹುಡುಗಿ ‘ವಿ ಪುಟ್ ಅಪ್ ವಿತ್ ಅವರ್ ಟೀಚರ್’ ಎಂದು ಬರೆದರೆ ಶಿಕ್ಷಕರೇ ಕಾಟವಾದರು. ಕ್ರಿಯಾಪದ ಒಂದೇ. ಕರ್ತೃ ಮತ್ತು ಕರ್ಮ ಜಾಗ ಬದಲಿಸಿದ್ದಕ್ಕೆ ವಂದನೆ ಹೋಗಿ ನಿಂದೆಯಾಯಿತು. ಕನ್ನಡದಲ್ಲಿಯೂ ಹೀಗೆಯೇ: ‘ನನ್ನನ್ನ ಸಹಿಸಿಕೊಂಡ್ರಿ’ ಎನ್ನುವುದು ಸೌಜನ್ಯ, ‘ನಾ ನಿಮ್ಮನ್ನ ಸಹಿಸಿಕೊಂಡೆ’ ಎನ್ನುವುದು ಜಗಳಕ್ಕೆ ಕರೆದಂತೆ. ಮಕ್ಕಳಿಗೆ ಕನ್ನಡದಲ್ಲಿ ಇದು ಗೊತ್ತು. ಇಂಗ್ಲಿಷಿಗೆ ಬಂದಾಗ ಗೊತ್ತಿಲ್ಲದಂತಾಗುವುದು ಕಲಿಸುವ ರೀತಿಯಿಂದ.

ಇವುಗಳಲ್ಲಿ ಎಲ್ಲಕ್ಕಿಂತ ನಿರಪಾಯವಾದದ್ದು ‘ಬಿ ಪೇಷಂಟ್ ವಿತ್’. ಇದರೊಳಗೆ ಕೋಪವಿಲ್ಲ, ದೂರಿಲ್ಲ. ಕಾಯುವವರು ಮನಸ್ಸಿಟ್ಟು, ಪ್ರೀತಿಯಿಂದ ಕಾಯುತ್ತಾರೆ ಎಂಬ ಸೂಚನೆ ಇದೆ. ತಡವಾಗಿ ಓದು ಹತ್ತುವ ಹುಡುಗ, ಮರೆವು ಬಂದ ಅಜ್ಜ, ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತೆ, ಇಂಥವರ ಜೊತೆ ಒಬ್ಬರು ಹೇಗಿರಬೇಕು ಎಂದು ಹೇಳಲು ಇದೇ ಸರಿ. ಇಲ್ಲಿ ಎರಡು ಎಡವುಗಳಿವೆ. ನಮ್ಮ ಕಡೆ ಪೇಷಂಟ್ ಎಂದರೆ ದವಾಖಾನೆಯಲ್ಲಿ ಮಲಗಿದವರು; ಆ ನಾಮಪದವೇ ಮೊದಲು ಕಿವಿಗೆ ಬಿದ್ದಿರುವುದರಿಂದ ವಿಶೇಷಣವಾಗಿ ಅದು ಬಂದಾಗ ಮಕ್ಕಳಿಗೆ ಗೊಂದಲವಾಗುತ್ತದೆ. ಎರಡೂ ‘ನೋವು ಅನುಭವಿಸು’ ಎಂಬರ್ಥದ ಒಂದೇ ಲ್ಯಾಟಿನ್ ಧಾತುವಿನಿಂದ ಬಂದವು ಎಂದು ಒಮ್ಮೆ ಹೇಳಿದರೆ ಸಾಕು. ಇನ್ನೊಂದು ಎಡವು ‘ವಿತ್’ ಎಂಬ ಉಪಸರ್ಗ. ವ್ಯಕ್ತಿಯ ಹೆಸರು ಬರುವಲ್ಲಿ ‘ವಿತ್’ ಬರಲೇಬೇಕು. ಕನ್ನಡದ ‘ಮೇಲೆ’, ‘ಬಗ್ಗೆ’ಗಳ ನೆನಪಿನಲ್ಲಿ ‘ಆನ್’ ಎಂದೋ ‘ಅಬೌಟ್’ ಎಂದೋ ಬರೆದರೆ ಮಾತು ಕುಂಟುತ್ತದೆ. ‘ಕೀಪ್ ಪೇಷನ್ಸ್’ ಎನ್ನುವುದೂ ‘ತಾಳ್ಮೆ ಇಟ್ಟುಕೊಳ್ಳಿ’ ಎಂಬುದರ ನೆರಳು. ಇಂಗ್ಲಿಷಿನವರು ‘ಬಿ ಪೇಷಂಟ್’ ಎನ್ನುತ್ತಾರೆ, ಇಲ್ಲವೇ ‘ಹ್ಯಾವ್ ಪೇಷನ್ಸ್’ ಎನ್ನುತ್ತಾರೆ.

‘ಬೇರ್ ವಿತ್’ ಹೆಚ್ಚು ಬೇಕಾಗುವ ಪದ. ಅತಿ ಕಡಿಮೆ ಕಲಿಸುವ ಪದವೂ ಅದೇ. ಕಾಯಿಸುತ್ತಿರುವವರು ಕಾಯುತ್ತಿರುವವರನ್ನು ಕೇಳಿಕೊಳ್ಳುವ ಮಾತು ಇದು. ಅವಧಿ ಚಿಕ್ಕದು, ಸ್ವಲ್ಪ ಹೊತ್ತಿನಲ್ಲಿ ಸರಿಯಾಗುತ್ತದೆ ಎಂಬ ಭರವಸೆ ಅದರೊಳಗೇ ಇರುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಸರ್ವರ್ ನಿಂತಾಗ ಗುಮಾಸ್ತೆ ಹೇಳಬೇಕಾದದ್ದು, ಸಭೆಯಲ್ಲಿ ಮೈಕು ಕೆಟ್ಟಾಗ ನಿರೂಪಕರು ಹೇಳಬೇಕಾದದ್ದು, ಫೋನಿನಲ್ಲಿ ಕಡತ ಹುಡುಕುತ್ತಿರುವವರು ಹೇಳಬೇಕಾದದ್ದು ‘ಪ್ಲೀಸ್ ಬೇರ್ ವಿತ್ ಮಿ’. ಭಾರತ ಹುಣ್ಣಿಮೆಯ ಹೊತ್ತಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಏರುತ್ತಾರೆ. ಕನ್ನಡ, ಮರಾಠಿ ಎರಡೂ ತಿಳಿಯದ ದೂರದ ಭಕ್ತರು ಸರದಿಯಲ್ಲಿ ನಿಂತಿದ್ದರೆ, ದರ್ಶನ ತಡವಾಗುತ್ತಿದೆ ಎಂದು ಅವರಿಗೆ ಹೇಳುವ ಸ್ವಯಂಸೇವಕ ಹುಡುಗನಿಗೆ ಬೇಕಾದದ್ದೂ ಇದೇ ಮಾತು. ಅವನು ‘ಬಿ ಪೇಷಂಟ್’ ಎಂದು ಎತ್ತಿದ ದನಿಯಲ್ಲಿ ಹೇಳಿದರೆ ಅದು ಉಪದೇಶವಾಗುತ್ತದೆ, ಕಾಯುವವರಲ್ಲಿಯೇ ಏನೋ ಕೊರತೆಯಿದೆ ಎಂದಂತಾಗುತ್ತದೆ. ‘ಬೇರ್ ವಿತ್ ಅಸ್’ ಎಂದಾಗ ಕೊರತೆ ನಮ್ಮದು ಎಂದು ಒಪ್ಪಿಕೊಂಡಂತೆ.

ಈ ಪದವನ್ನು ತಿರುಗಿಸಿ ಬಳಸುವಂತಿಲ್ಲ. ‘ಐ ಆ್ಯಮ್ ಬೇರಿಂಗ್ ವಿತ್ ಯೂ’ ಎಂದು ಕಾಯುತ್ತಿರುವವರು ಎದುರಿಗೇ ಹೇಳಿದರೆ ಉಪಕಾರವನ್ನು ಎಣಿಸಿ ತೋರಿಸಿದಂತಾಗುತ್ತದೆ. ಅಲ್ಲದೆ ‘ವಿತ್’ ಬಿಟ್ಟುಹೋದರೆ ಅರ್ಥವೇ ಬೇರೆ: ‘ಐ ಕೆನಾಟ್ ಬೇರ್ ಹಿಮ್’ ಎಂದರೆ ಅವನ ಮುಖ ಕಂಡರೆ ಆಗದು ಎಂದು. ಕಾಗುಣಿತದ ಸಂಗತಿಯೊಂದು ತುಸು ನಗುವಿನದು. ಬಿ, ಇ, ಎ, ಆರ್ ಬರೆಯುವಲ್ಲಿ ಬಿ, ಎ, ಆರ್, ಇ ಬರೆದವರು ಓದುವವರನ್ನು ತಮ್ಮೊಂದಿಗೆ ಬಟ್ಟೆ ಬಿಚ್ಚಲು ಕರೆದಂತಾಗುತ್ತದೆ. ಉಚ್ಚಾರ ಒಂದೇ ಆದ್ದರಿಂದ ಇಂಗ್ಲಿಷೇ ಮನೆಮಾತಾದವರೂ ಇಲ್ಲಿ ಜಾರುತ್ತಾರೆ. ಮಕ್ಕಳಿಗೆ ಒಮ್ಮೆ ಹೇಳಿದರೆ ನಕ್ಕು ನೆನಪಿಟ್ಟುಕೊಳ್ಳುತ್ತಾರೆ.

‘ಪುಟ್ ಅಪ್ ವಿತ್’ ಆಡುಮಾತಿನದು, ಅರ್ಜಿಗೆ ಹೊಂದುವುದಿಲ್ಲ. ಇಷ್ಟವಿಲ್ಲ, ಆದರೂ ವಿಧಿಯಿಲ್ಲ ಎಂಬ ಭಾವ ಅದರದು. ನೆರೆಮನೆಯ ಧ್ವನಿವರ್ಧಕ, ಮಾತುಮಾತಿಗೆ ಸಿಡುಕುವ ಮೇಲಧಿಕಾರಿ, ಇವರಿಗೆ ಅದು ಒಪ್ಪುತ್ತದೆ. ‘ಸ್ಟ್ಯಾಂಡ್’ ಎಂಬ ಪದವೂ ಇದೇ ಗುಂಪಿನದು. ಆದರೆ ಅದು ಸಾಮಾನ್ಯವಾಗಿ ನಿಷೇಧದಲ್ಲಿ ಮತ್ತು ಪ್ರಶ್ನೆಯಲ್ಲಿ ಬರುತ್ತದೆ: ‘ಐ ಕಾಂಟ್ ಸ್ಟ್ಯಾಂಡ್ ಹಿಮ್’ ಎನ್ನಬಹುದು, ‘ಐ ಸ್ಟ್ಯಾಂಡ್ ಹಿಮ್’ ಎಂದು ಯಾರೂ ಅನ್ನುವುದಿಲ್ಲ.

‘ಟಾಲರೇಟ್’ ಪದಕ್ಕೆ ಹೆಚ್ಚಿನ ಎಚ್ಚರ ಬೇಕು. ಪಠ್ಯಪುಸ್ತಕಗಳಲ್ಲಿ ಅದರ ನಾಮಪದ ‘ಟಾಲರೆನ್ಸ್’ ಬಹಳ ಗೌರವದಿಂದ ಕೂತಿದೆ. ಯುನೆಸ್ಕೊ 1995ರಲ್ಲಿ ಸಹಿಷ್ಣುತೆಯ ತತ್ವಗಳ ಘೋಷಣೆ ಹೊರಡಿಸಿತು. ನವೆಂಬರ್ 16 ಅಂತರರಾಷ್ಟ್ರೀಯ ಸಹಿಷ್ಣುತಾ ದಿನ. ಅದನ್ನು ಓದಿದ ಹುಡುಗ ‘ಟಾಲರೇಟ್’ ಎಂಬ ಕ್ರಿಯಾಪದವೂ ಅಷ್ಟೇ ಉದಾತ್ತ ಎಂದುಕೊಳ್ಳುತ್ತಾನೆ. ಹಾಗಲ್ಲ. ಈ ಪದದ ಇತಿಹಾಸವನ್ನು 1689ರ ಇಂಗ್ಲೆಂಡಿನ ಕಾಯಿದೆಯೊಂದು ಚೆನ್ನಾಗಿ ತೋರಿಸುತ್ತದೆ. ಟಾಲರೇಶನ್ ಆ್ಯಕ್ಟ್ ಎಂದು ಹೆಸರಾದ ಆ ಕಾಯಿದೆ, ರಾಜ್ಯದ ಚರ್ಚನ್ನು ಒಪ್ಪದ ಪ್ರಾಟೆಸ್ಟಂಟರಿಗೆ ತಮ್ಮ ಪ್ರಾರ್ಥನೆ ತಾವು ಮಾಡಿಕೊಳ್ಳಲು ಅವಕಾಶ ಕೊಟ್ಟಿತು. ಸರಕಾರಿ ಹುದ್ದೆಗಳಿಗೆ ಇದ್ದ ನಿರ್ಬಂಧಗಳನ್ನು ತೆಗೆಯಲಿಲ್ಲ. ಕ್ಯಾಥೊಲಿಕರಿಗಂತೂ ಆ ಅವಕಾಶವೂ ಇರಲಿಲ್ಲ. ನಿಮ್ಮನ್ನು ನಾವು ಮೆಚ್ಚುವುದಿಲ್ಲ, ಆದರೆ ತಡೆಯುವುದೂ ಇಲ್ಲ ಎಂಬುದು ಅದರ ಧ್ವನಿ. ವ್ಯಕ್ತಿಯ ಹೆಸರಿನ ಜೊತೆ ಬಂದಾಗ ‘ಟಾಲರೇಟ್’ ಇವತ್ತಿಗೂ ಆ ತಣ್ಣನೆಯ ಧ್ವನಿಯನ್ನು ಬಿಟ್ಟಿಲ್ಲ. ‘ಮೈ ಮದರ್-ಇನ್-ಲಾ ಟಾಲರೇಟ್ಸ್ ಮಿ’ ಎಂದು ಸೊಸೆಯೊಬ್ಬಳು ಹೊಗಳಿಕೆಯೆಂದು ಬರೆದರೆ, ಓದಿದವರು ಮನೆಯಲ್ಲಿ ಬಿರುಕಿದೆ ಎಂದೇ ತಿಳಿಯುತ್ತಾರೆ. ಔಷಧವನ್ನು ದೇಹ ಟಾಲರೇಟ್ ಮಾಡುತ್ತದೆ, ಬೆಳೆ ಬರವನ್ನು ಟಾಲರೇಟ್ ಮಾಡುತ್ತದೆ. ಅಲ್ಲಿ ಅದು ನಿರ್ಭಾವದ ವೈಜ್ಞಾನಿಕ ಪದ. ಪ್ರೀತಿಯಿಂದ ನಡೆದುಕೊಂಡ ಮನುಷ್ಯರಿಗೆ ಅದನ್ನು ಅಂಟಿಸಬಾರದು.

‘ಎಂಡ್ಯೂರ್’ ದೀರ್ಘ ಕಾಲದ ಕಷ್ಟಕ್ಕೆ ಮೀಸಲು. ಈ ನಾಲ್ಕು ತಾಲ್ಲೂಕುಗಳ ಮಕ್ಕಳಿಗೆ ಇದನ್ನು ಕಲಿಸಲು ದೂರದ ಉದಾಹರಣೆ ಬೇಡ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು, 1829ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಸಮಾಧಿ ಈಗಲೂ ಊರಲ್ಲಿದೆ. ಕಿತ್ತೂರು ಉತ್ಸವದ ಹೊತ್ತಿಗೆ ಚೆನ್ನಮ್ಮನ ಮೇಲೆ ಇಂಗ್ಲಿಷ್ ಪ್ರಬಂಧ ಬರೆಯುವ ಮಕ್ಕಳು ಆ ಸೆರೆವಾಸಕ್ಕೆ ಯಾವ ಪದ ಬಳಸಬೇಕು? ‘ಪುಟ್ ಅಪ್ ವಿತ್’ ಎಂದರೆ ಅದು ಸಣ್ಣ ಕಿರಿಕಿರಿಯಾಗುತ್ತದೆ. ‘ಟಾಲರೇಟೆಡ್’ ಎಂದರೆ ರಾಣಿ ಒಪ್ಪಿ ಸುಮ್ಮನಿದ್ದರು ಎಂದಾಗುತ್ತದೆ. ‘ವಾಸ್ ಪೇಷಂಟ್ ವಿತ್ ದ ಕಂಪನಿ’ ಎಂದರೆ ಕಂಪನಿಯನ್ನು ಮಗುವಿನಂತೆ ಕಂಡರು ಎಂಬ ವಿಪರೀತ. ‘ಎಂಡ್ಯೂರ್ಡ್’ ಒಂದೇ ಅಲ್ಲಿಗೆ ಸಲ್ಲುತ್ತದೆ: ನೋವು ದೊಡ್ಡದು, ಅವಧಿ ದೀರ್ಘ, ಮನಸ್ಸು ಬಾಗಲಿಲ್ಲ. ಇನ್ನು, ದತ್ತಕ ಮಗ ಶಿವಲಿಂಗಪ್ಪನನ್ನು ಒಪ್ಪದ ಕಂಪನಿಯ ನಡೆಗೆ ‘ವುಡ್ ನಾಟ್ ಟಾಲರೇಟ್’ ಎನ್ನಬಹುದು. ಅಧಿಕಾರವಿದ್ದವರ ತಣ್ಣನೆಯ ನಿರಾಕರಣೆಗೆ ಆ ಪದ ಒಪ್ಪುತ್ತದೆ. ಆದರೆ ದಿನನಿತ್ಯದ ಮನುಷ್ಯರಿಗೆ ಎಂಡ್ಯೂರ್ ಭಾರವಾಗುತ್ತದೆ. ‘ಐ ಎಂಡ್ಯೂರ್ಡ್ ಮೈ ಅಂಕಲ್ಸ್ ವಿಸಿಟ್’ ಎಂದರೆ ಮಾವ ಬಂದದ್ದು ಮನೆಗೆ ಶಿಕ್ಷೆಯಾಯಿತು.

‘ಫಾರ್‌ಬೇರ್’ ಮತ್ತು ಅದರ ನಾಮಪದ ‘ಫಾರ್‌ಬೇರೆನ್ಸ್’ ದಂಡಿಸುವ ಅಧಿಕಾರ ಕೈಯಲ್ಲಿದ್ದೂ ದಂಡಿಸದೆ ಇರುವವರಿಗೆ ಸೇರಿದ್ದು. ಇವತ್ತು ಅದು ಆಡುಮಾತಿನಲ್ಲಿ ಅಪರೂಪ, ಹೆಚ್ಚಾಗಿ ಬ್ಯಾಂಕಿನ ಕಾಗದಪತ್ರಗಳಲ್ಲಿ ಜೀವಂತ. ಸಾಲ ವಸೂಲಿ ಮಾಡಬಹುದಾಗಿದ್ದರೂ ಕಾಲಾವಕಾಶ ಕೊಡುವುದಕ್ಕೆ ಅಲ್ಲಿ ಈ ಹೆಸರು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ, ಸಾಲದ ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಾಗ ಇಂಗ್ಲಿಷ್ ಪತ್ರಿಕೆಗಳಲ್ಲಿ ಈ ಪದ ಕಾಣಿಸಿಕೊಂಡಿತು. ರೈತರ ಮಕ್ಕಳಿಗೆ ಅದರ ಪರಿಚಯವಿದ್ದರೆ ಒಳ್ಳೆಯದು, ಬಳಸಬೇಕಾದ ಅಗತ್ಯ ಕಡಿಮೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆ ಹೊಲಮನೆಗಳಿಗೆ ನುಗ್ಗಿದಂಥ ಹೊತ್ತಿನಲ್ಲಿ ಅಪ್ಪನ ಪರವಾಗಿ ಬ್ಯಾಂಕಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವ ಮಗಳು ‘ಕೈಂಡ್ಲಿ ಟಾಲರೇಟ್ ದ ಡಿಲೇ’ ಎನ್ನಬಾರದು, ‘ಪ್ಲೀಸ್ ಬೇರ್ ವಿತ್ ಅಸ್’ ಎಂದರೂ ಅರೆಬರೆ. ಬ್ಯಾಂಕಿಗೆ ಬೇಕಾದದ್ದು ತಾರೀಖು. ‘ಪ್ಲೀಸ್ ಗಿವ್ ಅಸ್ ಟೈಮ್ ಟಿಲ್’ ಎಂದು ಬರೆದು ತಿಂಗಳು ಹೇಳಿದರೆ ತಾಳ್ಮೆಯ ಪದವೇ ಬೇಕಾಗುವುದಿಲ್ಲ. ಯಾವ ಪದ ಎಂದು ಯೋಚಿಸುವ ಮುನ್ನ ಪದ ಬೇಕೇ ಎಂದು ಯೋಚಿಸುವುದನ್ನೂ ಕಲಿಸಬೇಕಾಗಿದೆ.

ಉಳಿದವು ಚಿಕ್ಕವು. ‘ಇಂಡಲ್ಜ್’ ಎಂದರೆ ಲಾಡ ಮಾಡಿ ಕೆಡಿಸುವಷ್ಟು ಸಲಿಗೆ ಕೊಡುವುದು. ‘ಹ್ಯೂಮರ್’ ಕ್ರಿಯಾಪದವಾದಾಗ ಮರ್ಜಿ ಕಾಯುವುದು. ನಗಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಮೇಕ್ ಅಲೌಅನ್ಸಸ್ ಫಾರ್’ ಎಂದರೆ ಒಬ್ಬರ ವಯಸ್ಸನ್ನೋ ಕಷ್ಟವನ್ನೋ ನೋಡಿ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು. ‘ಲೀನಿಯಂಟ್’ ಶಿಕ್ಷೆಯ ವಿಷಯದಲ್ಲಿ ಸಡಿಲ ಬಿಡುವವರಿಗೆ. ಪರೀಕ್ಷೆಯ ಕಾಲದಲ್ಲಿ ಅದರ ಅರ್ಥ ಯಾರಿಗೂ ಹೇಳಿಕೊಡಬೇಕಾಗಿಲ್ಲ!

ನಾವೇ ಮಾಡಿಕೊಂಡ ಬಳಕೆಯೊಂದಿದೆ, ‘ಅಡ್ಜಸ್ಟ್’. ವಾಯವ್ಯ ಸಾರಿಗೆ ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವರು ಬಂದಾಗ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ’ ಎನ್ನುವುದು ಈಗ ಕನ್ನಡವೇ ಆಗಿದೆ. ಅದನ್ನು ತೆಗೆಯುವ ಅಗತ್ಯವಿಲ್ಲ. ಆದರೆ ಭಾರತದ ಹೊರಗಿನ ಇಂಗ್ಲಿಷಿನಲ್ಲಿ ಮನುಷ್ಯರನ್ನು ‘ಅಡ್ಜಸ್ಟ್ ಪ್ಲೀಸ್’ ಎಂದು ಕೇಳಿದರೆ ಯಾವ ಯಂತ್ರ, ಯಾವ ತಿರುಪು ಎಂದು ಅವರು ನೋಡುತ್ತಾರೆ. ಸೀಟಿಗೆ ‘ಕುಡ್ ಯೂ ಮೇಕ್ ರೂಮ್’, ತಡಕ್ಕೆ ‘ಬೇರ್ ವಿತ್ ಮಿ’ ಎಂದು ಎರಡನ್ನೂ ಬೇರೆ ಮಾಡಿ ಕಲಿಸಬಹುದು.

ಹತ್ತಿರದ ಅರ್ಥದ ಪದಗಳನ್ನು ಬಿಡಿಸಿ ಹೇಳುವ ಕೆಲಸ ಇಂಗ್ಲಿಷಿನಲ್ಲಿಯೂ ಹೊರಗಿನವರಿಗಾಗಿಯೇ ಬೆಳೆಯಿತು ಎನ್ನಬಹುದು. ನಿಘಂಟುಕಾರ ಡಾಕ್ಟರ್ ಜಾನ್ಸನ್ ಅವರ ಗೆಳತಿಯಾಗಿದ್ದ ಹೆಸ್ಟರ್ ಪಿಯೊಝಿ ಇಟಲಿಯ ಸಂಗೀತಗಾರನನ್ನು ಮದುವೆಯಾಗಿದ್ದರು. ಅವರು 1794ರಲ್ಲಿ ಹೊರತಂದ ‘ಬ್ರಿಟಿಷ್ ಸಿನೊನಿಮಿ’ ಮಾತುಕತೆಯಲ್ಲಿ ಯಾವ ಪದ ಎಲ್ಲಿ ಸಲ್ಲುತ್ತದೆ ಎಂದು ವಿದೇಶಿಯರಿಗೆ ತಿಳಿಸುವ ಪುಸ್ತಕ. 1816ರಲ್ಲಿ ಜಾರ್ಜ್ ಕ್ರ್ಯಾಬ್, 1852ರಲ್ಲಿ ವೈದ್ಯರಾಗಿದ್ದ ಪೀಟರ್ ಮಾರ್ಕ್ ರೊಜೆ ಸಮಾನಾರ್ಥಕ ಪದಗಳ ಪುಸ್ತಕಗಳನ್ನು ಹೊರತಂದರು. ರೊಜೆಯ ಥೆಸಾರಸ್ ಪದಗಳನ್ನು ಅರ್ಥದ ಗುಂಪುಗಳಾಗಿ ಕೂಡಿಸಿತೇ ಹೊರತು ಅವುಗಳ ಅಂತರವನ್ನು ಹೇಳಲಿಲ್ಲ. ಇಂದಿನ ಮೊಬೈಲ್ ಸಮಾನಾರ್ಥಕ ಪಟ್ಟಿಗಳಿಗೂ ಅದೇ ಕೊರತೆ ಅಂಟಿದೆ. ಕಲಿಯುವವರಿಗೆಂದೇ ನಿಘಂಟು ಮಾಡಿದವರು ಎ. ಎಸ್. ಹಾರ್ನ್‌ಬಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಮೊದಲು ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂತು. ಕ್ರಿಯಾಪದದ ಹಿಂದೆ ಏನು ಬರುತ್ತದೆ, ಮುಂದೆ ಏನು ಬರುತ್ತದೆ ಎಂದು ತೋರಿಸುವುದು ಅದರ ಹೆಚ್ಚುಗಾರಿಕೆ. ಕನ್ನಡದ ಕಡೆಯಲ್ಲಿ 1824ರಲ್ಲೇ, ಎಂದರೆ ಕಿತ್ತೂರಿನ ಕಾಳಗದ ವರ್ಷದಲ್ಲೇ, ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು ಮದರಾಸಿನಲ್ಲಿ ಅಚ್ಚಾಯಿತು. 1894ರಲ್ಲಿ ಮಂಗಳೂರಿನಿಂದ ಬಂದ ಕಿಟೆಲ್ ನಿಘಂಟು ಕನ್ನಡದಿಂದ ಇಂಗ್ಲಿಷಿಗೆ ಹೋಗುತ್ತದೆ. ಇವೆರಡೂ ಅರ್ಥ ತಿಳಿಸಲು ಹುಟ್ಟಿದ ಗ್ರಂಥಗಳು. ನಮ್ಮ ಹುಡುಗರಿಗೆ ಈಗ ಬೇಕಾದದ್ದು ಅರ್ಥವಷ್ಟೇ ಅಲ್ಲ, ಬಳಕೆ.

ಆ ಬಳಕೆಯ ಅರಿವು ಅವರ ಮನೆಯಲ್ಲೇ ಇದೆ ಎಂಬುದು ಈ ಪತ್ರ ಹೇಳಹೊರಟ ಮುಖ್ಯ ಸಂಗತಿ. ಮಲಪ್ರಭೆಯ ಈ ಸೀಮೆಯಲ್ಲಿ ‘ಸ್ವಲ್ಪ ತಡೀರಿ’ ಎನ್ನುವುದು ಕಾಯಿಸುವವರ ಮಾತು. ಅದರ ಅವಧಿ ಚಿಕ್ಕದು, ಬೇರ್ ವಿತ್‌ಗೆ ಅದೇ ಹತ್ತಿರ. ‘ಸಂಭಾಳಿಸು’ ಎನ್ನುವಲ್ಲಿ ಕಾಳಜಿ ಇದೆ: ಮುದುಕಿಯನ್ನು, ಮೊಂಡ ಮಗುವನ್ನು ಸಂಭಾಳಿಸುತ್ತಾರೆ, ಪೇಷಂಟ್ ವಿತ್‌ಗೆ ಅದು ಸಮೀಪ. ‘ಅಂವನ್ನ ಸೋಸೂದು ಆಗೂದಿಲ್ಲ’ ಎಂದಾಗ ಮನಸ್ಸು ಬೇಸತ್ತಿದೆ. ಅದು ಪುಟ್ ಅಪ್ ವಿತ್. ‘ಸಬೂರ ಮಾಡು’, ‘ದಮ್ ಹಿಡಿ’ ಎನ್ನುವಾಗ ಕಾಯುವುದಷ್ಟೇ ಇದೆ, ಎದುರಿಗೆ ವ್ಯಕ್ತಿ ಇಲ್ಲ. ‘ಹೊಟ್ಯಾಗ ಹಾಕ್ಕೋರಿ’ ಎಂದರೆ ತಪ್ಪು ಒಪ್ಪಿ ಕ್ಷಮೆ ಕೇಳುವುದು. ಏಳನೆಯ ತರಗತಿಯ ಹುಡುಗಿಯೂ ಬೀಗರಿಗೆ ‘ನಾವು ನಿಮ್ಮನ್ನ ಸೋಸ್ತೀವ್ರಿ’ ಎಂದು ಬಾಯಿ ತಪ್ಪಿಯೂ ಹೇಳುವುದಿಲ್ಲ. ಇಷ್ಟು ಸೂಕ್ಷ್ಮ ತಿಳಿದ ಮಗುವಿಗೆ ಇಂಗ್ಲಿಷಿನಲ್ಲಿ ಒಂದೇ ‘ಸಹಿಸು’ ಕೊಟ್ಟು ಕಳಿಸುವುದು ಅದರ ಬುದ್ಧಿಗೆ ಮಾಡುವ ಅನ್ಯಾಯ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಫಲಕದ ಮೇಲೆ ಇಂಗ್ಲಿಷ್ ಪದ, ಅದರ ಮುಂದೆ ಸಮ ಚಿಹ್ನೆ, ಅದರ ಮುಂದೆ ಒಂದೇ ಕನ್ನಡ ಪದ ಬರೆಯುವುದನ್ನು ಈ ಗುಂಪಿನ ಪದಗಳ ಮಟ್ಟಿಗಾದರೂ ದಯವಿಟ್ಟು ನಿಲ್ಲಿಸಿರಿ. ಅದರ ಬದಲು ಯಾರು ಯಾರಿಗೆ ಎಲ್ಲಿ ಹೇಳಿದ್ದು ಎಂದು ತಿಳಿಯುವಂತೆ ಒಂದು ವಾಕ್ಯ ಬರೆಯಿರಿ. ಬೈಲಹೊಂಗಲದ ಬಸ್ ನಿಲ್ದಾಣ, ಯಲ್ಲಮ್ಮನ ಗುಡ್ಡದ ಸರದಿ, ಕಿತ್ತೂರು ಕೋಟೆ ನೋಡಲು ಬಂದ ಪ್ರವಾಸಿಗರು, ಸೊಸೈಟಿಯ ಕೌಂಟರ್ ಎಲ್ಲವೂ ಆಗುತ್ತವೆ. ‘ಪೇಷಂಟ್’ ಎಂದು ಒಂಟಿಯಾಗಿ ಹೇಳಿಕೊಡದೆ ‘ಪೇಷಂಟ್ ವಿತ್’ ಎಂದು ಜೋಡಿಯಾಗಿಯೇ ಬಾಯಿಗೆ ಬರಿಸಿರಿ. ಪತ್ರಲೇಖನ ತಿದ್ದುವಾಗ ವ್ಯಾಕರಣ ಸರಿಯಿದ್ದರೂ ಪದ ಮುಳ್ಳಾಗಿದ್ದರೆ ಅಂಕ ಕಳೆಯುವುದು ಬೇಡ. ಬದಿಯಲ್ಲಿ ‘ಇದನ್ನು ಓದಿದವರಿಗೆ ಏನನಿಸುತ್ತದೆ?’ ಎಂದು ಬರೆದರೆ ಸಾಕು. ಶಾಲೆಯ ಗ್ರಂಥಾಲಯದ ಹಣದಲ್ಲಿ ಇನ್ನೊಂದು ಗೈಡಿನ ಬದಲು ಕಲಿಯುವವರ ನಿಘಂಟೊಂದು ಬರಲಿ. ಎಲ್ಲಕ್ಕೂ ಮೊದಲು, ಒಂದು ತಾಸು ಮಕ್ಕಳಿಗೆ ಬಿಟ್ಟು, ಮನೆಯಲ್ಲಿ ಅಜ್ಜಿ, ಅವ್ವ, ಅಪ್ಪ ತಾಳ್ಮೆಗೆ ಆಡುವ ಮಾತುಗಳನ್ನು ಕಲೆಹಾಕಿ ತರಲು ಹೇಳಿರಿ. ಅವರು ತಂದ ಪಟ್ಟಿಯ ಎದುರಿಗೆ ಇಂಗ್ಲಿಷ್ ಪದಗಳನ್ನು ಮಕ್ಕಳೇ ಹೊಂದಿಸಲಿ. ಹೊಂದದೆ ಉಳಿದ ಪದಗಳನ್ನು ಹಾಗೆಯೇ ಬಿಡಲಿ. ಬರುವ ಶೈಕ್ಷಣಿಕ ವರ್ಷದ ಮೊದಲ ವಾರದಲ್ಲಿಯೇ ಇದನ್ನು ಮಾಡಿ ನೋಡಬೇಕೆಂದು ಕೋರಿಕೆ.

ಇಂತಿ ತಮ್ಮ ವಿಶ್ವಾಸಿ,
ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳ ಹಿತೈಷಿ
ಬೈಲಹೊಂಗಲ